ಗೂಬೆಗೆ ಮೀಸಲಾದ ಹೆಮ್ಮರಗಳು
ಅಮೆರಿಕದ ವಾಯವ್ಯ ಕಾಡುಗಳ ಚುಕ್ಕೆ ಗೂಬೆ ಗೂಡು ಕಟ್ಟುವುದಿಲ್ಲ. ಹೆಮ್ಮರಗಳ ಪೊಟರೆ, ಮುರಿದ ತುದಿಗಳೇ ಅದಕ್ಕೆ ಹೆಚ್ಚಾಗಿ ಮನೆ. ಮರದ ಮಿಲ್ಲುಗಳ ಕಣ್ಣೂ ಅದೇ ಮರಗಳ ಮೇಲೆ. 1990ರಲ್ಲಿ ಈ ಗೂಬೆ ಅಪಾಯಕ್ಕೊಳಗಾದ ಜೀವಿಗಳ ಪಟ್ಟಿ ಸೇರಿತು. 1992ರಲ್ಲಿ ಸುಮಾರು 69 ಲಕ್ಷ ಎಕರೆ ಸರ್ಕಾರಿ ಕಾಡು ಅದರ 'ನಿರ್ಣಾಯಕ ನೆಲೆ' ಎಂದು ಘೋಷಿತವಾಯಿತು. ಹಾಗೆಂದರೆ ಬೇಲಿಯಲ್ಲ, ಅಲ್ಲಿ ಮರ ಕಡಿಸುವ ಮುನ್ನ ಅರಣ್ಯ ಇಲಾಖೆ ವನ್ಯಜೀವಿ ಇಲಾಖೆಯನ್ನು ಕೇಳಬೇಕು, ನೆಲೆ ಹಾಳಾಗಬಾರದು, ಅಷ್ಟೆ. ಮಿಲ್ಲುಗಳಲ್ಲಿ ಯಂತ್ರಗಳು ಆಗಲೇ ಕೆಲಸ ಕಸಿದಿದ್ದರೂ ಬೈಗುಳವೆಲ್ಲ ಗೂಬೆಯ ಪಾಲಾಯಿತು! 2012ರಲ್ಲಿ ಹಿಗ್ಗಿದ ಈ ನೆಲೆಯಿಂದ 34 ಲಕ್ಷ ಎಕರೆ ಕಿತ್ತುಹಾಕುವ 2021ರ ಜನವರಿಯ ಆದೇಶ ಅದೇ ನವೆಂಬರಿನಲ್ಲಿ ಬಹುಪಾಲು ರದ್ದಾಯಿತು. ಇತ್ತ ಪೂರ್ವದಿಂದ ಬಂದ ಪಟ್ಟೆ ಗೂಬೆ ಉಳಿದ ಕಾಡಿನಿಂದಲೂ ಇದನ್ನು ಓಡಿಸುತ್ತಿದೆ. ಅದನ್ನು ಗುಂಡಿಟ್ಟು ತಗ್ಗಿಸುವ ಯೋಜನೆಗೆ 2024ರಲ್ಲಿ ಒಪ್ಪಿಗೆ ದೊರೆಯಿತು.