ಹೊಸಬರ ಹಬ್ಬದ ಹಳೇ ಲೆಕ್ಕ

"ಮಗಾ, ಹೊಸ ಮನೆ ತುಂಬಾ ರಟ್ಟಿನ ಡಬ್ಬ, ಕುಕ್ಕರ್ ಯಾವುದರಲ್ಲಿದೆ ಅಂತಾನೇ ಗೊತ್ತಿಲ್ಲ. ಪಕ್ಕದ ಮನೆಯವರು ಗುರುವಾರ ಊಟಕ್ಕೆ ಕರೆದಿದ್ದಾರೆ. ಏನೋ ಇದು ಥ್ಯಾಂಕ್ಸ್‌ಗಿವಿಂಗ್?" ನ್ಯೂಜೆರ್ಸಿಗೆ ಹೋದ ಕಾಲೇಜು ಗೆಳೆಯ ಫೋನಿನಲ್ಲಿ ಕೇಳಿದ.

ವೀಕ್ಷಕರೇ, ಇದು ಹೊಸದಾಗಿ ಬಂದು ನೆಲೆ ನಿಂತವರ ಹಬ್ಬ. 1620ರಲ್ಲಿ ಮೇಫ್ಲವರ್ ಹಡಗಿನಲ್ಲಿ ಇಂಗ್ಲೆಂಡಿನಿಂದ ಹೊರಟವರು ನೂರು ಚಿಲ್ಲರೆ ಜನ. ಪ್ಲಿಮತ್‌ನ ಮೊದಲ ಚಳಿಗಾಲ ಮುಗಿಯೋ ಹೊತ್ತಿಗೆ ಸುಮಾರು ಅರ್ಧ ಜನ ಸತ್ತಿದ್ದರು. ಉಳಿದವರಿಗೆ ಮೆಕ್ಕೆಜೋಳ ಬೆಳೆಯೋದು ಕಲಿಸಿದವನು ಮೂಲನಿವಾಸಿ ಟಿಸ್ಕ್ವಾಂಟಮ್. ಅವನ ಊರಿನವರು ರೋಗಕ್ಕೆ ಬಲಿಯಾಗಿದ್ದರು. ಆ ಊರಿದ್ದ ಜಾಗದಲ್ಲೇ ಇವರು ಮನೆ ಕಟ್ಟಿದ್ದು! 1621ರ ಸುಗ್ಗಿಯಲ್ಲಿ ಇವರೂ ವಾಂಪನೋಗ್ ಜನರೂ ಮೂರು ದಿನ ಒಟ್ಟಿಗೆ ಉಂಡರು. 1863ರಲ್ಲಿ ಲಿಂಕನ್ ಇದನ್ನು ದೇಶದ ಆಚರಣೆ ಮಾಡಿದರು. ನವೆಂಬರ್ ನಾಲ್ಕನೇ ಗುರುವಾರ ಅಂತ ಕಾನೂನಾಗಿದ್ದು 1941ರಲ್ಲಿ.

ಆದರೆ ಜೊತೆಗೆ ಕೂತು ಉಂಡವರ ನೆಲ ಆಮೇಲೆ ಅವರ ಕೈತಪ್ಪಿತು. ಅದಕ್ಕೇ 1970ರಿಂದ ಪ್ಲಿಮತ್‌ನಲ್ಲಿ ಮೂಲನಿವಾಸಿಗಳಿಗೆ ಅದೇ ಗುರುವಾರ ಶೋಕದ ದಿನ.

"ಹಾಗಾದ್ರೆ ಹೋಗ್ಬಾರ್ದಾ?" ಅಂದ ಗೆಳೆಯ.

"ಖಂಡಿತ ಹೋಗು. ಟರ್ಕಿ ಕೋಳಿ ತಿನ್ನಲ್ಲ ಅಂತ ಮೊದಲೇ ಹೇಳು. ಕುಕ್ಕರ್ ಹುಡುಕಿ, ಚಿತ್ರಾನ್ನ ಮಾಡ್ಕೊಂಡು ಹೋಗು. ಊಟ ಹಾಕಿದವರನ್ನೂ ಮರೀಬೇಡ, ನೀನಿರೋ ನೆಲ ಮೊದಲು ಯಾರದಿತ್ತು ಅನ್ನೋದನ್ನೂ ಮರೀಬೇಡ. ಮುಂದಿನ ವರ್ಷ ನಿಮ್ಮ ಬೀದಿಗೆ ಇನ್ಯಾರೋ ಹೊಸಬರು ಬರ್ತಾರೆ. ಆಗ ಅವರನ್ನ ಊಟಕ್ಕೆ ಕರೆಯೋ ಸರದಿ ನಿನ್ನದು."