ನಿಷ್ಪಕ್ಷತೆಯ ಬೆಲೆ

ಚಳಿಗಾಲದ ಹೆಬ್ಬಾತುಗಳಿಗೆ ಹೆಸರಾದ ಮಾಗಡಿಯ ನನ್ನ ಹಳೆಯ ಶಿಷ್ಯನೊಬ್ಬ ಈಗ ಕಾನೂನು ಅಧ್ಯಾಪಕ, ಕೆಲಸವಿನ್ನೂ ಕಾಯಮಾಗಿಲ್ಲ. ತಂದೆಯದೊಂದು ಪಕ್ಷ, ಅಣ್ಣನದಿನ್ನೊಂದು. “ಗುರುಗಳೇ, ಇಬ್ಬರೂ ನನ್ನನ್ನು ಹೇಡಿಯೆನ್ನುತ್ತಾರೆ. ಬಾಯಿ ಮುಚ್ಚಿಕೊಂಡಿರುವುದೇ ನಿಷ್ಪಕ್ಷತೆಯೆ?” ಎಂದು ಕೇಳಿದ.

ನನಗೆ ನೆನಪಾದವರು ಕೆ. ಎಸ್. ಹೆಗ್ಡೆಯವರು. 1952ರಿಂದ 1957ರವರೆಗೆ ಕಾಂಗ್ರೆಸ್ಸಿನ ರಾಜ್ಯಸಭಾ ಸದಸ್ಯರು, ಬಳಿಕ ನ್ಯಾಯಾಧೀಶರು. ಕಾಸರಗೋಡಿನ ಎಡನೀರು ಮಠದ ಕೇಶವಾನಂದ ಭಾರತೀ ಸ್ವಾಮಿಗಳ ಮೊಕದ್ದಮೆಯಲ್ಲಿ, 1973ರ ಏಪ್ರಿಲ್ 24ರಂದು, ಸಂವಿಧಾನದ ಮೂಲಸ್ವರೂಪವನ್ನು ಸಂಸತ್ತೂ ಕೆಡಿಸಲಾಗದೆಂದ ಏಳು ಮಂದಿಯಲ್ಲಿ ಅವರೊಬ್ಬರು. ಆಗ ಆಳುತ್ತಿದ್ದುದೂ ಕಾಂಗ್ರೆಸ್ಸೇ. ಅವರೂ ಸೇರಿದಂತೆ ಮೂವರು ಹಿರಿಯರನ್ನು ದಾಟಿ ಕಿರಿಯರೊಬ್ಬರು ಮುಖ್ಯ ನ್ಯಾಯಮೂರ್ತಿಗಳಾದರು. ಹೆಗ್ಡೆಯವರು ರಾಜೀನಾಮೆಯಿತ್ತರು.

ಬರಿಯ ಮೌನಕ್ಕೆ ಯಾರೂ ಇಂಥ ಬೆಲೆ ತೆರುವುದಿಲ್ಲ. “ತಪ್ಪಿದ್ದು ತಂದೆಯ ಪಕ್ಷವಾಗಲಿ, ಅಣ್ಣನದಾಗಲಿ, ತರಗತಿಯಲ್ಲಿ ಒಂದೇ ಅಳತೆಗೋಲು ಹಿಡಿ, ಊಟದ ಪಂಕ್ತಿಯಲ್ಲಿ ಮಗನಾಗಿ, ತಮ್ಮನಾಗಿ ಕೂಡು” ಎಂದೆ.