ಸೂಕ್ಷ್ಮಜೀವಿಗಳಲ್ಲಿ ಉತ್ಪರಿವರ್ತನೆ ಮತ್ತು ಆಯ್ಕೆ: ಒಂದು ಗಣಿತೀಯ ವಿವೇಚನೆ

ಬ್ಯಾಕ್ಟೀರಿಯಾಗಳ ಸಮುದಾಯದ ಮೇಲೆ ಅವುಗಳನ್ನು ಕೊಲ್ಲುವ ವೈರಸ್ಸನ್ನು ಪ್ರಯೋಗಿಸಿದಾಗ ಬಹುಪಾಲು ಜೀವಕೋಶಗಳು ನಾಶವಾಗುತ್ತವೆ. ಕೆಲವು ಮಾತ್ರ ಉಳಿದು ಮತ್ತೆ ವೃದ್ಧಿಸುತ್ತವೆ. ಈ ನಿರೋಧಶಕ್ತಿ ವೈರಸ್ಸಿನ ಸಂಪರ್ಕದಿಂದ ಹುಟ್ಟಿದ್ದೋ, ಅದಕ್ಕೂ ಮೊದಲೇ ಆಕಸ್ಮಿಕವಾದ ಉತ್ಪರಿವರ್ತನೆಯಿಂದ ಬಂದದ್ದೋ ಎಂಬುದನ್ನು ಸೂಕ್ಷ್ಮದರ್ಶಕವು ಹೇಳಲಾರದು. 1943ರಲ್ಲಿ ಸಾಲ್ವಡಾರ್ ಲೂರಿಯಾ ಮತ್ತು ಮ್ಯಾಕ್ಸ್ ಡೆಲ್‌ಬ್ರುಕ್ ಅವರು ಗಣಿತದ ನೆರವಿನಿಂದ ಇದಕ್ಕೆ ಉತ್ತರ ಕಂಡುಕೊಂಡರು.

ಸಂಪರ್ಕವೇ ಕಾರಣವಾಗಿದ್ದರೆ ಪ್ರತಿಯೊಂದು ಜೀವಕೋಶವೂ ಬದುಕುಳಿಯುವ ಸಂಭವನೀಯತೆ ಅತ್ಯಲ್ಪವೂ ಸಮಾನವೂ ಆಗಿರುತ್ತದೆ. ಆಗ ಬೇರೆಬೇರೆ ನಳಿಕೆಗಳಲ್ಲಿ ಬೆಳೆಸಿದ ಸಮುದಾಯಗಳಲ್ಲಿ ಉಳಿದವುಗಳ ಸಂಖ್ಯೆಯು ಪಾಯ್ಸಾನ್ ವಿತರಣೆಯನ್ನು ಅನುಸರಿಸಬೇಕು. ಎಂದರೆ, ಸರಾಸರಿಯೂ ಚದುರಿಕೆಯ ಅಳತೆಯಾದ ವೇರಿಯನ್ಸೂ ಹೆಚ್ಚುಕಡಿಮೆ ಸಮವಾಗಿರಬೇಕು. ಬದಲಾಗಿ, ವೃದ್ಧಿಯ ಅವಧಿಯಲ್ಲಿಯೇ ಉತ್ಪರಿವರ್ತನೆ ನಡೆದಿದ್ದರೆ, ಆರಂಭದಲ್ಲಿ ಸಂಭವಿಸಿದ ಒಂದೇ ಉತ್ಪರಿವರ್ತನೆಯು ಇಮ್ಮಡಿಸುತ್ತ ಹೋಗಿ ಅಪಾರ ಸಂತತಿಯನ್ನು ಕೊಡುತ್ತದೆ. ಕೊನೆಯಲ್ಲಿ ಸಂಭವಿಸಿದ್ದು ಒಂದೆರಡನ್ನು ಮಾತ್ರ ಕೊಡುತ್ತದೆ.

ಅವರ ಒಂದು ಪ್ರಯೋಗದ 20 ನಳಿಕೆಗಳ ಪೈಕಿ 11ರಲ್ಲಿ ಉಳಿದ ಜೀವಕೋಶಗಳೇ ಇರಲಿಲ್ಲ. ಒಂದರಲ್ಲಿ 107, ಇನ್ನೊಂದರಲ್ಲಿ 64 ಕಂಡುಬಂದವು. ಸರಾಸರಿ ಸುಮಾರು 11. ವೇರಿಯನ್ಸ್ 700ರ ಆಸುಪಾಸು. ಒಂದೇ ಪಾತ್ರೆಯಲ್ಲಿ ಬೆಳೆಸಿದ ಸಮುದಾಯದಿಂದ ತೆಗೆದ ಮಾದರಿಗಳಲ್ಲಿ ಇಂತಹ ಏರಿಳಿತವಿರಲಿಲ್ಲ. ಆದ್ದರಿಂದ ಉತ್ಪರಿವರ್ತನೆಯು ವೈರಸ್ಸಿನ ಸಂಪರ್ಕಕ್ಕೆ ಪೂರ್ವದಲ್ಲಿಯೇ ನಡೆದಿತ್ತೆಂದು ಸಿದ್ಧವಾಯಿತು.

ಶೂನ್ಯ ಫಲಿತಾಂಶಗಳಿಗೂ ಇಲ್ಲಿ ಮಹತ್ತ್ವವಿದೆ. ಉತ್ಪರಿವರ್ತನೆ ಎಂಬ ಘಟನೆ ಮಾತ್ರ ಪಾಯ್ಸಾನ್ ನಿಯಮಕ್ಕೆ ಒಳಪಡುವುದರಿಂದ, ಶೂನ್ಯ ನಳಿಕೆಗಳ ಪಾಲಾದ 0.55ರಿಂದ ಪ್ರತಿ ನಳಿಕೆಗೆ ಸರಾಸರಿ 0.6 ಉತ್ಪರಿವರ್ತನೆ ನಡೆದಿದೆಯೆಂದು ಗಣಿಸಬಹುದು. ಇದನ್ನು ನಳಿಕೆಯ ಜೀವಕೋಶಗಳ ಸಂಖ್ಯೆಯಿಂದ ಭಾಗಿಸಿದರೆ ಉತ್ಪರಿವರ್ತನೆಯ ದರದ ಅಂದಾಜು ದೊರೆಯುತ್ತದೆ.

ಆಯ್ಕೆಯ ಪಾತ್ರ ಆರಂಭವಾಗುವುದು ಇದರ ಅನಂತರ. ಪ್ರತಿಜೈವಿಕ ಔಷಧವು ಈ ಬಗೆಯ ನಿರೋಧಕತೆಯನ್ನು ಸೃಷ್ಟಿಸುವುದಿಲ್ಲ; ಮೊದಲೇ ಇದ್ದ ವಿರಳ ಜೀವಕೋಶಗಳನ್ನು ಆರಿಸುತ್ತದೆ. ಕ್ಷಯರೋಗಕ್ಕೆ ಹಲವು ಔಷಧಗಳನ್ನು ಒಟ್ಟಿಗೆ ಕೊಡುವುದರ ಹಿಂದೆ ಈ ತರ್ಕವಿದೆ. ಒಂದು ಔಷಧಕ್ಕೆ ನಿರೋಧಕವಾಗುವ ಸಂಭವನೀಯತೆ ಹತ್ತು ಲಕ್ಷಕ್ಕೆ ಒಂದು, ಇನ್ನೊಂದಕ್ಕೂ ಅಷ್ಟೇ ಎಂದು ಭಾವಿಸೋಣ. ಅವು ಪರಸ್ಪರ ಸ್ವತಂತ್ರವಾಗಿದ್ದರೆ ಎರಡಕ್ಕೂ ನಿರೋಧಕವಾಗುವ ಸಂಭವನೀಯತೆ ಲಕ್ಷ ಕೋಟಿಗೆ ಒಂದು. ರೋಗಿಯು ಒಂದು ಔಷಧವನ್ನು ಬಿಟ್ಟು ಇನ್ನೊಂದನ್ನೇ ಸೇವಿಸಿದರೆ ಈ ಗುಣಾಕಾರದ ರಕ್ಷಣೆ ತಪ್ಪುತ್ತದೆ. ನಿರೋಧಕ ಜೀವಕೋಶಗಳು ಒಂದೊಂದೇ ಮೆಟ್ಟಿಲೇರಲು ದಾರಿಯಾಗುತ್ತದೆ.